ನಿವೃತ್ತಿ ಬದುಕಿಗೆ ಬ್ಯಾಂಕಾಕ್: ವರ್ತಕರ ಲೆಕ್ಕದಲ್ಲಿ ಲಾಭವೇ, ನಷ್ಟವೇ?

ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳ ರಬ್ಬರ್ ವರ್ತಕರಿಗೆ ಬ್ಯಾಂಕಾಕ್ ಅಪರಿಚಿತ ಹೆಸರಲ್ಲ. ರಬ್ಬರ್ ಮಂಡಳಿಯು ಕೊಟ್ಟಾಯಂನ ಆರ್.ಎಸ್.ಎಸ್. 4 ದರ್ಜೆಯ ಧಾರಣೆಯೊಂದಿಗೆ ಬ್ಯಾಂಕಾಕ್‌ನ ಆರ್.ಎಸ್.ಎಸ್. 3 ಧಾರಣೆಯನ್ನೂ ಪ್ರಕಟಿಸುತ್ತದೆ. ಜಗತ್ತಿನಲ್ಲಿ ಅತ್ಯಧಿಕ ನೈಸರ್ಗಿಕ ರಬ್ಬರ್ ಉತ್ಪಾದಿಸುವ ದೇಶ ಥಾಯ್ಲೆಂಡ್ ಆಗಿರುವುದರಿಂದ, ಅಲ್ಲಿಯ ಧಾರಣೆಯ ಏರಿಳಿತ ಸುಳ್ಯದ ಅಂಗಡಿಯವರೆಗೂ ಮುಟ್ಟುತ್ತದೆ. ಇದುವರೆಗೆ ಧಾರಣೆಯ ಪಟ್ಟಿಯಲ್ಲಿ ಕಾಣುತ್ತಿದ್ದ ಈ ನಗರದ ಹೆಸರು ಇತ್ತೀಚೆಗೆ ಬೇರೊಂದು ಕಾರಣಕ್ಕೂ ಕೇಳಿಬರುತ್ತಿದೆ. ವ್ಯಾಪಾರದಿಂದ ನಿವೃತ್ತರಾದ ಬಳಿಕ ಬ್ಯಾಂಕಾಕ್ ಅಥವಾ ಕ್ವಾಲಾಲಂಪುರದಂತಹ ಆಗ್ನೇಯ ಏಷ್ಯಾದ ಮಹಾನಗರದಲ್ಲಿ ನೆಲೆಸಬಹುದೇ ಎಂಬ ಪ್ರಶ್ನೆಯೇ ಆ ಕಾರಣ.

ಇದನ್ನು ಕೇವಲ ಹವ್ಯಾಸದ ಮಾತೆಂದು ತಳ್ಳಿಹಾಕುವಂತಿಲ್ಲ. ಸರಕಾರಿ ನೌಕರರಿಗೆ ಪಿಂಚಣಿಯಿದೆ. ವರ್ತಕನಿಗಾದರೋ ಅಂಗಡಿಯೇ ಪಿಂಚಣಿ. ಗೋದಾಮಿನಲ್ಲಿ ಹಳತಾಗುತ್ತಿರುವ ಡಬಲ್ ಚೋಲ್ ಅಡಿಕೆಯೇ ಭವಿಷ್ಯ ನಿಧಿ. ಮಕ್ಕಳು ಬೆಂಗಳೂರಿನಲ್ಲೋ, ಸಿಂಗಾಪುರದಲ್ಲೋ, ಅಮೆರಿಕದಲ್ಲೋ ಉದ್ಯೋಗದಲ್ಲಿರುತ್ತಾರೆ. ತೋಟದ ಕೆಲಸಕ್ಕೆ ಆಳುಗಳ ಅಭಾವವಿದೆ. ಸಂಪಾಜೆ, ಅರಂತೋಡು ಭಾಗದಲ್ಲಿ ಹಳದಿ ಎಲೆ ರೋಗವು ತೋಟಗಳನ್ನೇ ಬರಿದಾಗಿಸಿದೆ. ಅದರ ಮೇಲೆ ಎಲೆಚುಕ್ಕಿ ರೋಗವೂ ಹರಡಿದೆ. ಇಂತಹ ಸ್ಥಿತಿಯಲ್ಲಿ, ತೋಟದ ನಡುವಿನ ದೊಡ್ಡ ಮನೆಯಲ್ಲಿ ಇಬ್ಬರೇ ಉಳಿದಿರುವ ಅರುವತ್ತರ ಆಸುಪಾಸಿನ ದಂಪತಿಯು ಬೇರೆ ದಾರಿಯನ್ನು ಯೋಚಿಸಿದರೆ ಆಶ್ಚರ್ಯವಿಲ್ಲ. ಆದರೆ ಜೀವಮಾನದ ಗಳಿಕೆಯನ್ನು ಒಡ್ಡುವ ನಿರ್ಧಾರವಾದುದರಿಂದ, ಹೊಸ ವ್ಯಾಪಾರವೊಂದಕ್ಕೆ ಬಂಡವಾಳ ಹೂಡುವ ಮುನ್ನ ನಡೆಸುವಷ್ಟೇ ಪರಿಶೀಲನೆ ಇಲ್ಲಿಯೂ ಅವಶ್ಯಕ.

ಆಕರ್ಷಣೆಗೆ ಆಧಾರವಿದೆ

ಬ್ಯಾಂಕಾಕ್ ಮುಂದುವರಿದ ನಗರ. 1999ರಲ್ಲಿ ಮೇಲ್ಸೇತುವೆಯ ರೈಲು ಹಾಗೂ 2004ರಲ್ಲಿ ಸುರಂಗ ರೈಲು ಆರಂಭವಾದ ಬಳಿಕ, ಸ್ವಂತ ವಾಹನವಿಲ್ಲದ ಹಿರಿಯರೂ ಓಡಾಡಬಹುದಾಗಿದೆ. 1980ರಲ್ಲಿ ಸ್ಥಾಪನೆಯಾದ ಬುಮ್ರುಂಗ್ರಾಡ್‌ನಂತಹ ಆಸ್ಪತ್ರೆಗಳು ವಿದೇಶೀ ರೋಗಿಗಳ ಚಿಕಿತ್ಸೆಗೇ ಹೆಸರಾಗಿವೆ. ಪಹುರತ್ ಬಡಾವಣೆಯಲ್ಲಿ ಭಾರತೀಯ ಜವಳಿ ವ್ಯಾಪಾರಿಗಳ ಪೇಟೆಯಿದೆ. ಸಿಲೋಮ್ ರಸ್ತೆಯಲ್ಲಿ ತಮಿಳರು ಕಟ್ಟಿಸಿದ ಮಾರಿಯಮ್ಮನ ದೇವಸ್ಥಾನವಿದೆ. ಅನ್ನ, ತೆಂಗಿನಕಾಯಿ, ಹಲಸು, ಬಾಳೆ ಎಲ್ಲವೂ ದೊರೆಯುತ್ತವೆ. ಸಸ್ಯಾಹಾರಿಗಳು ಮಾತ್ರ ಎಚ್ಚರದಿಂದಿರಬೇಕು; ತರಕಾರಿಯ ಪಲ್ಯಕ್ಕೂ ಮೀನಿನ ರಸ ಸೇರಿಸುವುದು ಅಲ್ಲಿಯ ವಾಡಿಕೆ.

ಕ್ವಾಲಾಲಂಪುರದಲ್ಲಿ ಭಾಷೆಯ ತೊಡಕು ಇನ್ನೂ ಕಡಿಮೆ. ಮಲೇಷ್ಯಾದ ಜನಸಂಖ್ಯೆಯಲ್ಲಿ ಶೇಕಡಾ 7ರ ಸುಮಾರಿನಷ್ಟು ಮಂದಿ ಭಾರತೀಯ ಮೂಲದವರು. ಇಂಗ್ಲಿಷ್ ಮತ್ತು ತಮಿಳಿನಲ್ಲಿ ವ್ಯವಹರಿಸಬಹುದು. ಮಕ್ಕಳು ಸಿಂಗಾಪುರದಲ್ಲಿರುವವರಿಗೆ ಈ ನಗರವು ವಿಶೇಷವಾಗಿ ಅನುಕೂಲ. ಸಿಂಗಾಪುರದಲ್ಲಿ ನಿವೃತ್ತರಿಗಾಗಿಯೇ ಪ್ರತ್ಯೇಕ ವೀಸಾ ಇಲ್ಲ. ಅಲ್ಲಿ ದುಡಿಯುವ ಮಕ್ಕಳ ನಿಗದಿತ ಮಾಸಿಕ ವೇತನ ಕನಿಷ್ಠ 12,000 ಸಿಂಗಾಪುರ ಡಾಲರ್ ಇದ್ದರಷ್ಟೇ ತಂದೆತಾಯಿಗೆ ದೀರ್ಘಾವಧಿ ಭೇಟಿಯ ಅನುಮತಿ ದೊರೆಯುತ್ತದೆ.

ವೀಸಾ ಎಂಬುದು ನವೀಕರಣದ ಪರವಾನಗಿ

ಥಾಯ್ಲೆಂಡ್‌ನ ನಿವೃತ್ತರ ವೀಸಾ ಪಡೆಯಲು 50 ವರ್ಷ ಪೂರ್ಣಗೊಂಡಿರಬೇಕು. ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಠೇವಣಿ ಅಥವಾ ತಿಂಗಳಿಗೆ 65,000 ಬಾತ್ ಆದಾಯ ತೋರಿಸಬೇಕು. ಇದನ್ನು ವರ್ಷಕ್ಕೊಮ್ಮೆ ನವೀಕರಿಸಬೇಕು. ಪ್ರತಿ 90 ದಿನಗಳಿಗೊಮ್ಮೆ ವಾಸದ ವಿಳಾಸವನ್ನು ವಲಸೆ ಇಲಾಖೆಗೆ ವರದಿ ಮಾಡಬೇಕು. ಸ್ವದೇಶದಿಂದಲೇ ಪಡೆಯುವ ‘ಒ–ಎ’ ವರ್ಗದ ವೀಸಾಕ್ಕೆ 2019ರಲ್ಲಿ ಆರೋಗ್ಯ ವಿಮೆ ಕಡ್ಡಾಯವಾಯಿತು. ಬಳಿಕ ಆ ವಿಮೆಯ ಮೊತ್ತವನ್ನು 30 ಲಕ್ಷ ಬಾತ್‌ಗೆ ಏರಿಸಲಾಯಿತು.

ವರ್ತಕರು ಮುಖ್ಯವಾಗಿ ಗಮನಿಸಬೇಕಾದ ಷರತ್ತು ಇನ್ನೊಂದಿದೆ. ಈ ವೀಸಾದಲ್ಲಿರುವವರು ಯಾವುದೇ ಉದ್ಯೋಗ ಮಾಡುವಂತಿಲ್ಲ. ಸ್ನೇಹಿತರ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಹೊತ್ತು ಕಳೆಯಲು ಕುಳಿತರೂ ಅದು ಕಾನೂನು ಬಾಹಿರವೆನಿಸಬಹುದು. ಬೆಳಿಗ್ಗೆ ಬಾಗಿಲು ತೆರೆದು ರಾತ್ರಿ ಲೆಕ್ಕ ಮುಗಿಸುವುದನ್ನೇ ನಲುವತ್ತು ವರ್ಷ ರೂಢಿಸಿಕೊಂಡವರಿಗೆ ಈ ನಿರ್ಬಂಧ ಕಾಗದದ ಮೇಲೆ ಸಣ್ಣದು, ದಿನಚರಿಯಲ್ಲಿ ದೊಡ್ಡದು.

ನಿಯಮಗಳು ಬದಲಾಗುತ್ತವೆ ಎಂಬುದಕ್ಕೆ ಮಲೇಷ್ಯಾವೇ ಉದಾಹರಣೆ. ‘ಮಲೇಷ್ಯಾ ನನ್ನ ಎರಡನೆಯ ಮನೆ’ ಎಂಬ ಅರ್ಥದ ಹೆಸರಿನ ಯೋಜನೆ 2002ರಲ್ಲಿ ಜಾರಿಗೆ ಬಂದಿತು. 2020ರಲ್ಲಿ ಅದನ್ನು ತಡೆಹಿಡಿಯಲಾಯಿತು. 2021ರಲ್ಲಿ ಮಾಸಿಕ 40,000 ರಿಂಗಿಟ್ ವಿದೇಶೀ ಆದಾಯವಿರಬೇಕೆಂಬ ಕಠಿಣ ಷರತ್ತಿನೊಂದಿಗೆ ಮತ್ತೆ ತೆರೆಯಲಾಯಿತು. 2024ರಲ್ಲಿ ಪುನಃ ಪರಿಷ್ಕರಿಸಿ ಮೂರು ಶ್ರೇಣಿಗಳನ್ನು ಮಾಡಲಾಯಿತು. ಅತ್ಯಂತ ಕೆಳಗಿನ ಶ್ರೇಣಿಗೇ 1,50,000 ಅಮೆರಿಕನ್ ಡಾಲರ್ ಸ್ಥಿರ ಠೇವಣಿ ಮತ್ತು ಕನಿಷ್ಠ 6 ಲಕ್ಷ ರಿಂಗಿಟ್ ಮೌಲ್ಯದ ಮನೆ ಖರೀದಿಯನ್ನು ನಿಗದಿಪಡಿಸಲಾಯಿತು. ಇಪ್ಪತ್ತೆರಡು ವರ್ಷಗಳಲ್ಲಿ ಇಷ್ಟು ಬದಲಾವಣೆಯಾಗಿದ್ದರೆ, ಅರುವತ್ತನೆಯ ವಯಸ್ಸಿನಲ್ಲಿ ಹೊರಡುವವರು ಎಂಬತ್ತೆರಡು ತಲುಪುವುದರೊಳಗೆ ಇನ್ನೆಷ್ಟು ಬಾರಿ ನಿಯಮ ಬದಲಾದೀತೆಂದು ಊಹಿಸಬಹುದು.

ರೂಪಾಯಿಯ ಗಳಿಕೆ, ಬಾತ್‌ನ ಖರ್ಚು

‘ಅಲ್ಲಿ ಜೀವನ ಅಗ್ಗ’ ಎಂಬ ಮಾತು ಡಾಲರ್ ಅಥವಾ ಯೂರೋ ಪಿಂಚಣಿ ಪಡೆಯುವವರ ಬಾಯಿಂದ ಬಂದುದು. ಅಡಿಕೆ, ರಬ್ಬರ್, ಬಾಡಿಗೆ ಹಾಗೂ ಬ್ಯಾಂಕು ಬಡ್ಡಿಯನ್ನು ನಂಬಿದವರ ಗಳಿಕೆ ರೂಪಾಯಿಯಲ್ಲಿರುತ್ತದೆ. ಆದುದರಿಂದ ಲೆಕ್ಕವನ್ನು ರೂಪಾಯಿಯಲ್ಲೇ ಮಾಡಬೇಕು.

2005ರಲ್ಲಿ ಒಂದು ಬಾತ್‌ನ ಬೆಲೆ ಸುಮಾರು 1 ರೂಪಾಯಿ 10 ಪೈಸೆಯಷ್ಟಿತ್ತು. 2025ರಲ್ಲಿ ಅದು ಸುಮಾರು 2 ರೂಪಾಯಿ 60 ಪೈಸೆಗೆ ತಲುಪಿತ್ತು. ವೀಸಾ ನಿಯಮದ 65,000 ಬಾತ್ ಮಾಸಿಕ ಆದಾಯವನ್ನೇ ಅಳತೆಗೋಲಾಗಿ ಇಟ್ಟುಕೊಂಡರೆ, ಆ ಮೊತ್ತಕ್ಕೆ 2005ರಲ್ಲಿ 71,500 ರೂಪಾಯಿ ಸಾಕಿತ್ತು. 2025ರಲ್ಲಿ 1,69,000 ರೂಪಾಯಿ ಬೇಕಾಯಿತು. ಬ್ಯಾಂಕಾಕ್‌ನಲ್ಲಿ ಒಂದು ವಸ್ತುವಿನ ಬೆಲೆಯೂ ಏರಲಿಲ್ಲವೆಂದು ಭಾವಿಸಿದರೂ, ವಿನಿಮಯ ದರವೊಂದರಿಂದಲೇ ಖರ್ಚು ಎರಡು ಪಟ್ಟಿಗಿಂತ ಹೆಚ್ಚಾಯಿತು. ರಿಂಗಿಟ್‌ನ ಕಥೆಯೂ ಇದೇ: 2005ರಲ್ಲಿ ಸುಮಾರು 11 ರೂಪಾಯಿ 60 ಪೈಸೆಯಿದ್ದುದು 2025ರಲ್ಲಿ 20 ರೂಪಾಯಿಯ ಆಸುಪಾಸಿಗೆ ಬಂದಿತ್ತು.

ಈ ಮೊತ್ತವನ್ನು ವರ್ಷದ ಲೆಕ್ಕಕ್ಕೆ ತಂದರೆ 20 ಲಕ್ಷ 28 ಸಾವಿರ ರೂಪಾಯಿ. ಶೇಕಡಾ 7ರ ಬಡ್ಡಿಯಿಂದ ಇದನ್ನು ಪಡೆಯಲು ಸುಮಾರು 2 ಕೋಟಿ 90 ಲಕ್ಷ ರೂಪಾಯಿ ಠೇವಣಿ ಬೇಕು. ಅಡಿಕೆಯ ಧಾರಣೆ ಕಿಲೋಗೆ 400 ರೂಪಾಯಿ ಎಂದು ಹಿಡಿದರೆ, ಎಲ್ಲ ಖರ್ಚು ಕಳೆದು ವರ್ಷಕ್ಕೆ 50 ಕ್ವಿಂಟಾಲ್ ಅಡಿಕೆಯ ಹಣ ಕೈಯಲ್ಲಿ ಉಳಿಯಬೇಕು. ಎಲ್ಲರೂ 65,000 ಬಾತ್ ಖರ್ಚು ಮಾಡಲೇಬೇಕೆಂದಿಲ್ಲ, ನಿಜ. ಆದರೆ ಆತಿಥೇಯ ಸರಕಾರವೇ ಒಂದು ಮಟ್ಟವನ್ನು ಗುರುತಿಸಿರುವಾಗ ಅದರ ಅರ್ಧದಷ್ಟನ್ನು ನಂಬಿ ಹೊರಡುವುದು ವಿವೇಕವಲ್ಲ. ಅಡಿಕೆಯ ಧಾರಣೆ ಕುಸಿದ ವರ್ಷವೇ ರೂಪಾಯಿಯೂ ಕುಸಿದರೆ ಹೊಡೆತ ಇಮ್ಮಡಿಯಾಗುತ್ತದೆ.

ಹಣ ಕಳುಹಿಸುವ ಕ್ರಮ ಮತ್ತು ತೆರಿಗೆ

ಭಾರತೀಯ ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಡಿ ನಿವಾಸಿ ಭಾರತೀಯನೊಬ್ಬ ಒಂದು ಆರ್ಥಿಕ ವರ್ಷದಲ್ಲಿ 2,50,000 ಅಮೆರಿಕನ್ ಡಾಲರ್‌ವರೆಗೆ ವಿದೇಶಕ್ಕೆ ಕಳುಹಿಸಬಹುದು. ಈ ಸೌಲಭ್ಯ ವ್ಯಕ್ತಿಗಳಿಗೆ ಮಾತ್ರ. ಪಾಲುದಾರಿಕೆ ಸಂಸ್ಥೆ, ಕಂಪೆನಿ, ಅವಿಭಕ್ತ ಹಿಂದೂ ಕುಟುಂಬ ಹಾಗೂ ಟ್ರಸ್ಟುಗಳಿಗೆ ಇಲ್ಲ. ಅಂಗಡಿಯ ಚಾಲ್ತಿ ಖಾತೆಯನ್ನೂ ಮನೆಯ ಖಾತೆಯನ್ನೂ ಬೆರೆಸಿಕೊಂಡಿರುವವರು ಮೊದಲು ಅವನ್ನು ಬೇರ್ಪಡಿಸಿಕೊಳ್ಳಬೇಕು.

ವಾಸದ ಖರ್ಚಿಗೋ ಹೂಡಿಕೆಗೋ ಒಬ್ಬರು ವರ್ಷಕ್ಕೆ 10 ಲಕ್ಷ ರೂಪಾಯಿ ಮೀರಿ ಕಳುಹಿಸಿದರೆ, ಮೀರಿದ ಮೊತ್ತದ ಮೇಲೆ ಶೇಕಡಾ 20ರಷ್ಟು ತೆರಿಗೆಯನ್ನು ಬ್ಯಾಂಕು ಮೂಲದಲ್ಲೇ ಸಂಗ್ರಹಿಸುತ್ತದೆ. ಹಿಂದೆ 7 ಲಕ್ಷ ರೂಪಾಯಿಯಿದ್ದ ಈ ಮಿತಿಯನ್ನು 2025ರ ಏಪ್ರಿಲ್ 1ರಿಂದ 10 ಲಕ್ಷಕ್ಕೆ ಏರಿಸಲಾಯಿತು. ಉದಾಹರಣೆಗೆ 24 ಲಕ್ಷ ರೂಪಾಯಿ ಕಳುಹಿಸುವವರು 2 ಲಕ್ಷ 80 ಸಾವಿರ ರೂಪಾಯಿ ಹೆಚ್ಚುವರಿಯಾಗಿ ಕಟ್ಟಬೇಕು. ಇದು ನಷ್ಟವಲ್ಲ, ಆದಾಯ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು ಅಥವಾ ಮರಳಿ ಪಡೆಯಬಹುದು. ಆದರೆ ಅಲ್ಲಿಯವರೆಗೆ ಹಣ ಸಿಕ್ಕಿಹಾಕಿಕೊಂಡಿರುತ್ತದೆ. ನಿವಾಸಿಯಾಗಿ ಉಳಿದಿರುವವರು ವಿದೇಶದ ಖಾತೆ ಹಾಗೂ ಮನೆಯನ್ನು ತೆರಿಗೆ ವಿವರಪಟ್ಟಿಯ ವಿದೇಶೀ ಆಸ್ತಿಗಳ ಅನುಸೂಚಿಯಲ್ಲಿ ತೋರಿಸಲೇಬೇಕು. ಮರೆತರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿವರೆಗೆ ದಂಡಕ್ಕೆ ಅವಕಾಶವಿದೆ.

ಥಾಯ್ಲೆಂಡ್‌ನಲ್ಲಿ ಒಂದು ವರ್ಷದಲ್ಲಿ 180 ದಿನ ವಾಸಿಸಿದವರು ಅಲ್ಲಿಯ ತೆರಿಗೆ ನಿವಾಸಿಗಳಾಗುತ್ತಾರೆ. 2024ರ ಜನವರಿ 1ರಿಂದ, ಅಂತಹವರು ಆ ಬಳಿಕ ಗಳಿಸಿ ದೇಶದೊಳಗೆ ತರಿಸಿಕೊಳ್ಳುವ ವಿದೇಶೀ ಆದಾಯವೂ ತೆರಿಗೆಯ ವ್ಯಾಪ್ತಿಗೆ ಬಂದಿದೆ. ಕೃಷಿ ಆದಾಯಕ್ಕೆ ಭಾರತದಲ್ಲಿರುವ ವಿನಾಯಿತಿಯು ಗಡಿ ದಾಟಿದ ಬಳಿಕ ತನ್ನಿಂದ ತಾನೇ ಅನ್ವಯಿಸುವುದಿಲ್ಲವೆಂಬುದನ್ನು ಅಡಿಕೆ ಬೆಳೆಗಾರರು ನೆನಪಿನಲ್ಲಿಡಬೇಕು. ಹೊರಡುವ ಮುನ್ನ ಎರಡೂ ದೇಶಗಳ ತೆರಿಗೆ ಒಪ್ಪಂದವನ್ನು ಬಲ್ಲ ಲೆಕ್ಕ ಪರಿಶೋಧಕರ ಸಲಹೆ ಪಡೆಯುವುದು ಲೇಸು.

ತೋಟ, ಅಂಗಡಿ, ಪಾಲುದಾರಿಕೆ

ಅನಿರ್ದಿಷ್ಟ ಕಾಲ ನೆಲೆಸುವ ಉದ್ದೇಶದಿಂದ ವಿದೇಶಕ್ಕೆ ಹೋದವರು 1999ರ ವಿದೇಶೀ ವಿನಿಮಯ ನಿರ್ವಹಣಾ ಕಾಯ್ದೆಯ ಪ್ರಕಾರ ಅನಿವಾಸಿಗಳಾಗುತ್ತಾರೆ. ನಿವಾಸಿಯಾಗಿದ್ದಾಗ ಹೊಂದಿದ್ದ ತೋಟವನ್ನು ಅವರು ಉಳಿಸಿಕೊಳ್ಳಬಹುದು. ಆದರೆ ಹೊಸದಾಗಿ ಕೃಷಿ ಭೂಮಿ, ಪ್ಲಾಂಟೇಶನ್ ಅಥವಾ ತೋಟದ ಮನೆಯನ್ನು ಖರೀದಿಸುವಂತಿಲ್ಲ. ಇರುವುದನ್ನು ಮಾರುವುದಾದರೆ ಭಾರತದಲ್ಲಿ ವಾಸಿಸುವ ಭಾರತೀಯ ಪ್ರಜೆಗೇ ಮಾರಬೇಕು. ಇದರ ಅರ್ಥ ಸ್ಪಷ್ಟ: ತೋಟವನ್ನು ಮಾರಿ ಹೋದವರು ಅನಿವಾಸಿಯಾಗಿರುವವರೆಗೆ ಇನ್ನೊಂದು ತೋಟ ಕೊಳ್ಳಲಾರರು. ಉಳಿತಾಯ ಖಾತೆಯನ್ನು ಎನ್.ಆರ್.ಒ. ಖಾತೆಯಾಗಿ ಬದಲಿಸಿಕೊಳ್ಳಬೇಕು, ಕೃಷಿ, ಪ್ಲಾಂಟೇಶನ್ ಹಾಗೂ ಸ್ಥಿರಾಸ್ತಿ ವ್ಯವಹಾರದ ಪಾಲುದಾರಿಕೆ ಸಂಸ್ಥೆಗಳಲ್ಲಿ ಅನಿವಾಸಿಯ ಹೊಸ ಹೂಡಿಕೆಗೆ ಅವಕಾಶವಿಲ್ಲ.

ಅಲ್ಲಿ ಆಸ್ತಿ ಮಾಡಿಕೊಳ್ಳುವುದೂ ಸುಲಭವಲ್ಲ. ಥಾಯ್ಲೆಂಡ್‌ನಲ್ಲಿ ವಿದೇಶೀಯರು ಸಾಮಾನ್ಯವಾಗಿ ಭೂಮಿಯ ಒಡೆಯರಾಗುವಂತಿಲ್ಲ. ವಸತಿ ಸಮುಚ್ಚಯವೊಂದರ ಒಟ್ಟು ವಿಸ್ತೀರ್ಣದ ಶೇಕಡಾ 49ರ ಮಿತಿಯೊಳಗೆ ಫ್ಲ್ಯಾಟ್ ಕೊಳ್ಳಬಹುದು, ಅದೂ ಹೊರದೇಶದಿಂದ ತಂದ ಹಣದಿಂದ. ವರ್ಗ ಭೂಮಿ, ಕುಮ್ಕಿ, ಗಡಿಗುರುತುಗಳ ನಡುವೆ ಬೆಳೆದವರಿಗೆ ಕಾಲಡಿಯ ನೆಲ ತಮ್ಮದಲ್ಲದ ಮನೆಯ ಒಡೆತನ ವಿಚಿತ್ರವೆನಿಸೀತು.

ಋತುವಿನ ಲೆಕ್ಕವನ್ನೂ ಕಡೆಗಣಿಸಬಾರದು. ಬ್ಯಾಂಕಾಕ್‌ನ ಹಿತಕರ ಹವೆ ನವೆಂಬರ್‌ನಿಂದ ಫೆಬ್ರವರಿಯವರೆಗೆ. ಅಡಿಕೆಯ ಕೊಯ್ಲು, ಅಂಗಳದಲ್ಲಿ ಒಣಹಾಕುವ ಕೆಲಸ, ಸುಬ್ರಹ್ಮಣ್ಯದ ಚಂಪಾಷಷ್ಠಿ, ಯಕ್ಷಗಾನ ಮೇಳಗಳ ತಿರುಗಾಟ ಎಲ್ಲವೂ ಇದೇ ತಿಂಗಳುಗಳಲ್ಲಿ. ಮಳೆಗಾಲದಲ್ಲಿ ಹೋಗೋಣವೆಂದರೆ ಕೊಳೆರೋಗ ತಡೆಯಲು ಬೋರ್ಡೋ ದ್ರಾವಣ ಸಿಂಪಡಿಸುವ ಹೊತ್ತು. ಬ್ಯಾಂಕಾಕ್‌ನಲ್ಲಿಯೂ ಆಗ ಮಳೆಯೇ. ನಂಬಿಕೆಯ ಮೇಸ್ತ್ರಿಯೋ ಜವಾಬ್ದಾರಿ ಹೊರುವ ಬಂಧುವೋ ಇಲ್ಲದಿದ್ದರೆ ತೋಟದ ಆದಾಯವನ್ನು ನಂಬಿ ಹೊರಡುವಂತಿಲ್ಲ.

ಎಂಬತ್ತರ ವಯಸ್ಸಿನ ಲೆಕ್ಕ

ವಿದೇಶವಾಸದ ಅಂದಾಜನ್ನು ಬಹುತೇಕ ಮಂದಿ ಅರುವತ್ತನೆಯ ವಯಸ್ಸಿನ ದೇಹಬಲವನ್ನಿಟ್ಟುಕೊಂಡು ಮಾಡುತ್ತಾರೆ. ಮಾಡಬೇಕಾದುದು ಎಂಬತ್ತರ ವಯಸ್ಸಿನ ಅಂದಾಜು. ಮೊದಲ ಹತ್ತು ವರ್ಷಗಳಲ್ಲಿ ಬಾಡಿಗೆ, ಊಟ, ಓಡಾಟದಲ್ಲಿ ಉಳಿಸಿದ ಹಣವನ್ನು ಕೊನೆಯ ಹತ್ತು ವರ್ಷಗಳ ಒಂದೇ ಶಸ್ತ್ರಚಿಕಿತ್ಸೆ ನುಂಗಿಹಾಕಬಹುದು. ವಯಸ್ಸಾದಂತೆ ವಿಮೆಯ ಕಂತು ಏರುತ್ತದೆ. ಎಪ್ಪತ್ತು ದಾಟಿದವರಿಗೆ ಹೊಸ ವಿಮೆ ದೊರೆಯುವುದೇ ಕಷ್ಟ. ವಿಮೆ ಕಡ್ಡಾಯವಾಗಿರುವ ವೀಸಾದಲ್ಲಿ, ವಿಮೆ ದೊರೆಯದಿದ್ದರೆ ವಾಸದ ಅನುಮತಿಗೂ ಧಕ್ಕೆ.

ಇತ್ತ ಭಾರತದಲ್ಲಿ 2024ರ ಏಪ್ರಿಲ್ 1ರಿಂದ ಆರೋಗ್ಯ ವಿಮೆಗೆ ಸೇರಲು ಇದ್ದ 65 ವರ್ಷದ ಮಿತಿಯನ್ನು ತೆಗೆದುಹಾಕಲಾಗಿದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಕಂತಿಗೆ ಜಿ.ಎಸ್.ಟಿ. ಇಲ್ಲ. ಸುಳ್ಯದಲ್ಲಿ ಕೆ.ವಿ.ಜಿ. ವೈದ್ಯಕೀಯ ಕಾಲೇಜು ಇದೆ. ಪುತ್ತೂರಿನಿಂದ ಮಂಗಳೂರಿನ ಆಸ್ಪತ್ರೆಗಳು ಐವತ್ತು ಕಿಲೋಮೀಟರುಗಳ ಆಸುಪಾಸಿನಲ್ಲಿವೆ. ಇವು ಬ್ಯಾಂಕಾಕ್‌ನ ಆಸ್ಪತ್ರೆಗಳಷ್ಟು ಥಳಕಿನವಲ್ಲದಿರಬಹುದು. ಆದರೆ ರೋಗಿಯ ಪಕ್ಕದಲ್ಲಿ ರಾತ್ರಿ ಕುಳಿತುಕೊಳ್ಳಲು ಜನರಿದ್ದಾರೆ. ನೋವನ್ನು ತುಳುವಿನಲ್ಲೋ ಅರೆಭಾಷೆಯಲ್ಲೋ ಹವ್ಯಕ ಕನ್ನಡದಲ್ಲೋ ಹೇಳಿಕೊಳ್ಳಬಹುದು. ಈ ಎರಡು ಸೌಕರ್ಯಗಳಿಗೆ ಯಾವ ವಿಮೆಯೂ ಹಣ ಕೊಡದು.

ದಂಪತಿಯಲ್ಲಿ ಒಬ್ಬರು ಮೊದಲು ತೀರಿಕೊಳ್ಳುತ್ತಾರೆ ಎಂಬ ಕಹಿ ಸತ್ಯವನ್ನೂ ಲೆಕ್ಕಕ್ಕೆ ಸೇರಿಸಬೇಕು. ಪತಿಯ ಹೆಸರಿನ ವೀಸಾದ ಮೇಲೆ ಅವಲಂಬಿತರಾಗಿ ನೆಲೆಸಿದ್ದ ಪತ್ನಿಯು, ಪತಿಯ ಮರಣಾನಂತರ ತನ್ನ ಹೆಸರಿನಲ್ಲೇ ಅರ್ಹತೆ ತೋರಿಸಬೇಕಾಗುತ್ತದೆ. ಅದೇ ಸಮಯದಲ್ಲಿ ಮೃತರ ಬ್ಯಾಂಕು ಖಾತೆಯ ಹಣ ಅಲ್ಲಿಯ ನ್ಯಾಯಾಲಯ ನೇಮಿಸುವ ಆಡಳಿತಗಾರರ ಮೂಲಕವೇ ಕೈಗೆ ಬರಬೇಕು. ಆದುದರಿಂದ ಇಬ್ಬರ ಹೆಸರಿನಲ್ಲೂ ಪ್ರತ್ಯೇಕ ಠೇವಣಿ, ಎರಡೂ ದೇಶಗಳಲ್ಲಿ ಪ್ರತ್ಯೇಕ ಮರಣಶಾಸನ ಅತ್ಯವಶ್ಯ.

ಇದೇ ನೆಲದ ಹಳೆಯ ಪಾಠ

ವಾಸದ ಹಕ್ಕಿಲ್ಲದ ನೆಲದಲ್ಲಿ ಬಾಳುವುದೆಂದರೇನು ಎಂಬುದನ್ನು ಅರಿಯಲು ಸುಳ್ಯದಿಂದ ದೂರ ಹೋಗಬೇಕಾಗಿಲ್ಲ. ಬ್ರಿಟಿಷರ ಕಾಲದಲ್ಲಿ ತೋಟದ ಕೆಲಸಕ್ಕೆಂದು ಸಿಲೋನಿಗೆ ಒಯ್ಯಲ್ಪಟ್ಟ ತಮಿಳರ ವಂಶಸ್ಥರು, 1948ರ ಅಲ್ಲಿಯ ಪೌರತ್ವ ಕಾಯ್ದೆಯಿಂದ ಯಾವ ದೇಶದ ಪ್ರಜೆಗಳೂ ಅಲ್ಲದಂತಾದರು. 1964ರ ಅಕ್ಟೋಬರ್ 30ರಂದು ಆದ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ಬಳಿಕ ಭಾರತಕ್ಕೆ ಮರಳಿದವರಲ್ಲಿ ಅನೇಕ ಕುಟುಂಬಗಳಿಗೆ ಸುಳ್ಯ, ಪುತ್ತೂರು ಭಾಗದಲ್ಲಿ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಪುನರ್ವಸತಿ ಕಲ್ಪಿಸಲಾಯಿತು. ಬರ್ಮಾದ ರಂಗೂನಿನಲ್ಲಿ 1931ರ ಜನಗಣತಿಯ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಜನ ಭಾರತೀಯರೇ ಆಗಿದ್ದರು. 1962ರ ಸೇನಾಡಳಿತ ಮತ್ತು ಅನಂತರದ ರಾಷ್ಟ್ರೀಕರಣದಿಂದ ಅಂಗಡಿ, ಗೋದಾಮು ಕಳೆದುಕೊಂಡ ವರ್ತಕರು ಬರಿಗೈಯಲ್ಲಿ ಮರಳಿದರು.

ಕೂಲಿಗಾಗಿ ಹೋದವರ ಸಂಕಷ್ಟಕ್ಕೂ ಠೇವಣಿಯಿಟ್ಟು ಹೋಗುವವರ ಅನುಕೂಲಕ್ಕೂ ಹೋಲಿಕೆ ಸಲ್ಲದು. ಇಂದಿನ ಥಾಯ್ಲೆಂಡ್ ಮತ್ತು ಮಲೇಷ್ಯಾ ಅಂದಿನ ಬರ್ಮಾ ಅಲ್ಲ. ಆದರೂ ತತ್ತ್ವವೊಂದು ಉಳಿಯುತ್ತದೆ. ಇನ್ನೊಂದು ದೇಶದ ಅನುಮತಿಯಿಂದ ನಡೆಯುವ ವಾಸಕ್ಕೆ ಮರಳುವ ದಾರಿ ಸದಾ ತೆರೆದಿರಬೇಕು.

ನಡುದಾರಿ

ಇದರಿಂದ ವಿದೇಶವಾಸವೇ ಬೇಡವೆಂಬ ತೀರ್ಮಾನಕ್ಕೆ ಬರಬೇಕಾಗಿಲ್ಲ. ಇಡೀ ಬಂಡವಾಳವನ್ನು ಒಂದೇ ಸರಕಿಗೆ ಹಾಕದಿರುವುದು ವರ್ತಕರಿಗೆ ಹೊಸ ವಿದ್ಯೆಯಲ್ಲ. ವರ್ಷದಲ್ಲಿ 182 ದಿನ ಅಥವಾ ಹೆಚ್ಚು ಕಾಲ ಊರಿನಲ್ಲಿದ್ದು, ಕೆಲವು ತಿಂಗಳು ಮಾತ್ರ ಹೊರದೇಶದಲ್ಲಿ ಕಳೆಯುವವರು ಭಾರತದ ಆದಾಯ ತೆರಿಗೆಗೆ ನಿವಾಸಿಗಳಾಗಿಯೇ ಉಳಿಯುತ್ತಾರೆ. ಥಾಯ್ಲೆಂಡ್‌ನ 180 ದಿನಗಳ ಮಿತಿಯನ್ನೂ ಮುಟ್ಟದಂತೆ ನೋಡಿಕೊಳ್ಳಬಹುದು. ನೆಲೆಯೂ ತೋಟವೂ ಇಲ್ಲೇ ಇರುವುದರಿಂದ ನಿವಾಸಿಯ ಹಕ್ಕುಗಳಿಗೆ ಧಕ್ಕೆ ಬಾರದು, ಊರಿನ ನಂಟೂ ಕಡಿಯದು.

ಆಸಕ್ತರು ಅನುಸರಿಸಬಹುದಾದ ಕ್ರಮ ಹೀಗಿದೆ:

1. ಮೊದಲ ಪ್ರಯೋಗ ಏಪ್ರಿಲ್ ತಿಂಗಳ ಉರಿಬಿಸಿಲಿನಲ್ಲಿ ನಡೆಯಲಿ. ಹೋಟೆಲಿನ ಬದಲು ಬಾಡಿಗೆ ಮನೆಯಲ್ಲಿದ್ದು, ಸಂತೆ, ಅಡುಗೆ, ಔಷಧದಂಗಡಿಯ ವ್ಯವಹಾರವನ್ನು ಸ್ವತಃ ಮಾಡಿ ನೋಡಬೇಕು.

2. ಎರಡು ವರ್ಷಗಳ ಪ್ರಯೋಗ ಮುಗಿಯುವವರೆಗೆ ಮನೆ, ತೋಟ, ಅಂಗಡಿಯ ಕಟ್ಟಡ ಯಾವುದನ್ನೂ ಮಾರಬಾರದು. ಅಲ್ಲಿ ಯಾವುದನ್ನೂ ಕೊಳ್ಳಬಾರದು.

3. ಭಾರತದ ಆರೋಗ್ಯ ವಿಮೆಯನ್ನು ಒಂದು ವರ್ಷವೂ ತಪ್ಪದೆ ಮುಂದುವರಿಸಬೇಕು. ಮರಳಿ ಬಂದ ಬಳಿಕ ಹೊಸದಾಗಿ ಸೇರಿದರೆ, ಹಿಂದಿನಿಂದಿರುವ ಕಾಯಿಲೆಗಳಿಗೆ ಮತ್ತೆ ಕಾಯುವ ಅವಧಿ ಆರಂಭವಾಗುತ್ತದೆ.

4. ಅಂಗಡಿಯನ್ನು ವಹಿಸಿಕೊಡುವುದಾದರೆ ಪಾಲುದಾರಿಕೆ ಪತ್ರ, ಜಿ.ಎಸ್.ಟಿ. ನೋಂದಣಿ, ಎ.ಪಿ.ಎಂ.ಸಿ. ಪರವಾನಗಿ ಹಾಗೂ ಬ್ಯಾಂಕಿನ ಸಹಿ ಅಧಿಕಾರವನ್ನು ಹೊರಡುವ ಮುನ್ನವೇ ಬರಹದಲ್ಲಿ ಬದಲಿಸಬೇಕು. ಬಾಯಿಮಾತಿನ ಏರ್ಪಾಡು ದೂರದಿಂದ ನಡೆಯದು.

5. ತುರ್ತಾಗಿ ಮರಳಲು ಹಾಗೂ ಒಂದು ವರ್ಷ ಇಲ್ಲಿ ಚಿಕಿತ್ಸೆ ಪಡೆಯಲು ಸಾಕಾಗುವ ಹಣ ರೂಪಾಯಿಯಲ್ಲೇ, ಇಲ್ಲಿಯ ಬ್ಯಾಂಕಿನಲ್ಲೇ ಇರಬೇಕು.

ಬೆಂಗಳೂರಿನಿಂದ ಬ್ಯಾಂಕಾಕ್‌ಗೆ ವಿಮಾನದಲ್ಲಿ ನಾಲ್ಕು ಗಂಟೆಗಳ ಆಸುಪಾಸಿನ ದಾರಿ. ಅಲ್ಲಿಂದ ಬಂದಿಳಿದವರು ಕಬಕ ಪುತ್ತೂರು ಅಥವಾ ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣ ತಲುಪಲು ಅದಕ್ಕಿಂತ ಹೆಚ್ಚು ಹೊತ್ತು ಬೇಕಾಗುತ್ತದೆ. ದೂರ ಇಂದು ದೊಡ್ಡ ಸಮಸ್ಯೆಯಲ್ಲ. ನಿಲ್ದಾಣದಲ್ಲಿ ಇಳಿದ ಬಳಿಕ ಹೋಗಲು ತನ್ನದೆಂಬ ಮನೆಯಿದೆಯೇ, ಬಾಗಿಲು ತೆರೆಯುವವರಿದ್ದಾರೆಯೇ ಎಂಬುದೇ ಮುಖ್ಯ. ಅವೆರಡನ್ನೂ ಉಳಿಸಿಕೊಂಡು ಹೋಗುವವರಿಗೆ ಬ್ಯಾಂಕಾಕ್ ಒಳ್ಳೆಯ ವಿಶ್ರಾಂತಿಯ ತಾಣವಾಗಬಲ್ಲದು. ಅವೆರಡನ್ನೂ ಮಾರಿ ಹೋಗುವವರು ಕೊಂಡುಕೊಳ್ಳುವುದು ವರ್ಷಕ್ಕೊಮ್ಮೆ ನವೀಕರಿಸಬೇಕಾದ ಒಂದು ಪರವಾನಗಿಯನ್ನು ಮಾತ್ರ.